ನಮ್ಮೂರ ರಸ್ತೆ, ನಮ್ಮೂರ ಲೆಕ್ಕ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಸಂಘದ ಇತಿಹಾಸ, ಲಾಭ, ಬೋನಸ್ಸು, ಕಟ್ಟಡ, ಇವುಗಳ ಬಗ್ಗೆ ನಮಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾವು ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತನ್ನು ಮುಂದಕ್ಕೆ ಹಾಕುವುದಿಲ್ಲ. ಸಂಘದ ಬಾಗಿಲಿಂದ ಹೊರಗೆ ಕಾಲಿಟ್ಟ ಕೂಡಲೇ ಎದುರಾಗುವ ಒಂದು ವಿಷಯದ ಬಗ್ಗೆ ನಾಲ್ಕು ಮಾತಾಡಬೇಕು ಅಂತ ಬಂದಿದ್ದೇವೆ. ಅದು ರಸ್ತೆ. ರಸ್ತೆಯ ಜೊತೆಗೇ ಬರುವ ಚರಂಡಿ, ಬೀದಿ ದೀಪ, ಕುಡಿಯುವ ನೀರು. ಇವನ್ನೆಲ್ಲ ಮಾಡಿಸುವುದು ಯಾರು, ಕೆಡದ ಹಾಗೆ ನೋಡಿಕೊಳ್ಳುವುದು ಯಾರು, ನೋಡಿಕೊಳ್ಳುತ್ತಾರೋ ಇಲ್ಲವೋ ಅಂತ ನೋಡುವುದು ಯಾರು?

ಸಹಕಾರ ಸಂಘದ ಸಭೆಯಲ್ಲಿ ರಸ್ತೆಯ ಮಾತೇಕೆ ಅಂತ ಕೆಲವರಿಗೆ ಅನ್ನಿಸಬಹುದು. ಹಾಲು ಕಾಯುವ ಪದಾರ್ಥ ಅಲ್ಲ ಸ್ವಾಮಿ. ಮಳೆಗಾಲದಲ್ಲಿ ಹಾಲಿನ ಗಾಡಿ ಗುಂಡಿಯಲ್ಲಿ ಸಿಕ್ಕಿಕೊಂಡು ಒಂದೆರಡು ಗಂಟೆ ತಡವಾದರೆ ಹಾಲು ಒಡೆಯುತ್ತದೆ. ಒಡೆದ ಹಾಲಿನ ನಷ್ಟ ಗುತ್ತಿಗೆದಾರನ ಲೆಕ್ಕಕ್ಕೆ ಹೋಗುವುದಿಲ್ಲ, ನಮ್ಮ ಬಟವಾಡೆಗೆ ಬರುತ್ತದೆ. ಹಾಲಿಗಿಂತ ದೊಡ್ಡ ಮಾತೂ ಇದೆ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಸಾಗಿಸುವ ಗಾಡಿಯೂ ಇದೇ ರಸ್ತೆಯಲ್ಲಿ ಹೋಗಬೇಕು. ಆದ್ದರಿಂದ ಇದು ನಮ್ಮ ಸಭೆಯ ಮಾತೇ.

ಲ್ಯಾಕ್ಟೋಮೀಟರಿಗೆ ದಾಕ್ಷಿಣ್ಯ ಇಲ್ಲ

ನಮ್ಮ ಸಂಘ ಇಪ್ಪತ್ತೈದು ವರ್ಷ ಉಳಿದು ಬಂದಿರುವುದಕ್ಕೆ ಏನು ಕಾರಣ? ಒಳ್ಳೆಯ ಅಧ್ಯಕ್ಷರು ಬಂದರು, ಒಳ್ಳೆಯ ಕಾರ್ಯದರ್ಶಿಗಳು ಸಿಕ್ಕರು, ನಿಜ. ಆದರೆ ಒಳ್ಳೆಯತನವನ್ನೇ ನಂಬಿಕೊಂಡು ಸಂಘ ನಡೆಸುವುದಕ್ಕೆ ಆಗುವುದಿಲ್ಲ. ದಿನಾ ಬೆಳಗ್ಗೆ, ಸಂಜೆ ಯಾರದೇ ಹಾಲು ಬರಲಿ, ಅಧ್ಯಕ್ಷರ ಮನೆಯದಾಗಲಿ, ಒಂದೇ ಹಸು ಕಟ್ಟಿಕೊಂಡ ಅಜ್ಜಿಯದಾಗಲಿ, ಲ್ಯಾಕ್ಟೋಮೀಟರು ಇಳಿಯುತ್ತದೆ. ಫ್ಯಾಟು ನೋಡುತ್ತಾರೆ. ಲೀಟರು ಬರೆಯುತ್ತಾರೆ. ಇದರಿಂದ ಯಾರಿಗಾದರೂ ಅವಮಾನ ಆಗಿದೆಯಾ? ಇಲ್ಲ. ಯಾಕೆ ಅಂದರೆ ಎಲ್ಲರ ಹಾಲಿಗೂ ಅದೇ ಪರೀಕ್ಷೆ, ದಿನಾ ಅದೇ ಪರೀಕ್ಷೆ. ಒಬ್ಬರ ಹಾಲನ್ನು ಮಾತ್ರ, ಅದೂ ಯಾವತ್ತೋ ಒಂದು ದಿನ ಪರೀಕ್ಷೆ ಮಾಡಿದ್ದರೆ ಅವತ್ತೇ ಜಗಳ ಆಗುತ್ತಿತ್ತು. "ನನ್ನ ಮೇಲೆ ಅನುಮಾನವಾ?" ಅಂತ ಕೇಳುತ್ತಿದ್ದರು.

ಊರಿನ ರಸ್ತೆಯ ವಿಷಯದಲ್ಲಿ ಆಗುತ್ತಿರುವುದು ಇದೇ. ಯಾರೂ ಯಾವತ್ತೂ ಲೆಕ್ಕ ಕೇಳುವುದಿಲ್ಲ. ಎಂದೋ ಒಂದು ದಿನ ಒಬ್ಬ ಹುಡುಗ ಎದ್ದು ನಿಂತು, "ಈ ರಸ್ತೆಗೆ ಎಷ್ಟು ಹಣ ಬಂತು?" ಅಂತ ಕೇಳಿದರೆ ಅವನು ಯಾವ ಪಾರ್ಟಿ, ಯಾರ ಕಡೆಯವನು, ಯಾರು ಹೇಳಿಕೊಟ್ಟರು ಅಂತ ವಿಚಾರಣೆ ಶುರುವಾಗುತ್ತದೆ. ರಸ್ತೆಯ ವಿಚಾರಣೆ ಬಿಟ್ಟು ಹುಡುಗನ ವಿಚಾರಣೆ! ಗುತ್ತಿಗೆದಾರ ನಮ್ಮ ಸಂಬಂಧಿ, ಸದಸ್ಯರು ನಮ್ಮ ಪಕ್ಕದ ಮನೆಯವರು, ಹೇಗೆ ಕೇಳೋದು ಅನ್ನುವ ದಾಕ್ಷಿಣ್ಯ. ಈ ದಾಕ್ಷಿಣ್ಯದಲ್ಲಿ ರಸ್ತೆ ಎರಡು ಮಳೆಗೆ ಕಿತ್ತುಹೋಗುತ್ತದೆ.

ಡೈರಿಯಲ್ಲಿ ನಡೆಯುವ ಹಾಗೆ ಊರಿನ ಪ್ರತಿ ಕಾಮಗಾರಿಗೂ, ಪ್ರತಿ ವರ್ಷವೂ, ಯಾರು ಮಾಡಿಸಿದರೂ ಲೆಕ್ಕ ಕೇಳುವುದು ಒಂದು ಪದ್ಧತಿ ಆಗಿಬಿಡಬೇಕು. ಪದ್ಧತಿಯಾದರೆ ಕೇಳಿದವರು ವೈರಿಗಳಾಗುವುದಿಲ್ಲ, ಹೇಳಬೇಕಾದವರಿಗೂ ಅವಮಾನ ಆಗುವುದಿಲ್ಲ. ನಾವು ಇವತ್ತು ಹೇಳಬೇಕು ಅಂತ ಬಂದಿರುವ ಮಾತು ಇದೊಂದೇ. ಮಿಕ್ಕದ್ದೆಲ್ಲ ಇದರ ವಿವರ.

ಲೆಕ್ಕ ಕೇಳುವುದು ಹೊಸದೇನಲ್ಲ

ನಮ್ಮ ಹಿರಿಯರು ಕೆರೆ ಕಟ್ಟಿಸಿದಾಗ ಕಟ್ಟಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ಕೆರೆ ಹೂಳೆತ್ತುವುದಕ್ಕೆ, ಏರಿ ಸರಿಮಾಡುವುದಕ್ಕೆ ಅಂತಲೇ ಜಮೀನು ಬಿಡುತ್ತಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ಇದಕ್ಕೆ 'ಬಿತ್ತುವಟ್ಟ' ಅನ್ನುವ ಹೆಸರೇ ಇದೆ. ಕಟ್ಟುವ ಖರ್ಚು ಬೇರೆ, ಕಾಪಾಡುವ ಖರ್ಚು ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಈಗ ಹೊಸ ರಸ್ತೆಗೆ ಗುದ್ದಲಿ ಪೂಜೆ ಮಾಡುವುದಕ್ಕೆ ಎಲ್ಲರೂ ಬರುತ್ತಾರೆ. ಹಳೇ ರಸ್ತೆಯ ಗುಂಡಿ ಮುಚ್ಚುವ ಕೆಲಸಕ್ಕೆ ಪೂಜೆಯೂ ಇಲ್ಲ, ಹಾರವೂ ಇಲ್ಲ, ಫೋಟೋವೂ ಇಲ್ಲ. ಆದ್ದರಿಂದ ಅದಕ್ಕೆ ಹಣವೂ ಕಮ್ಮಿ.

ಪಕ್ಕದ ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳರ ಒಂದನೇ ಪರಾಂತಕನ ಕಾಲದ, ಅಂದರೆ ಕ್ರಿ.ಶ. 919 ಮತ್ತು 921ರ ಶಾಸನಗಳಿವೆ. ಊರಿನ ಕೆರೆ, ತೋಟ ಮೊದಲಾದವನ್ನು ನೋಡಿಕೊಳ್ಳುವ ಸಮಿತಿಗಳಿಗೆ ವರ್ಷವರ್ಷ ಜನರನ್ನು ಆರಿಸುವ ಕ್ರಮ ಅವುಗಳಲ್ಲಿದೆ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದೆ ಹೋದವರು ಮತ್ತೆ ಸಮಿತಿಗೆ ಬರುವ ಹಾಗಿಲ್ಲ, ಅವರ ಹತ್ತಿರದ ನೆಂಟರೂ ಬರುವ ಹಾಗಿಲ್ಲ ಅಂತ ಕಟ್ಟು ಮಾಡಿದ್ದರು. ಸಾವಿರದ ನೂರು ವರ್ಷದ ಹಿಂದಿನ ಮಾತು ಇದು.

ನಮ್ಮ ಸಹಕಾರ ಚಳವಳಿಯ ಬೇರೂ ಇಲ್ಲೇ ಇದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಊರಿನವರು ಊರಿನ ಹಣವನ್ನು ನಂಬಿಕೆಯಿಂದ ನಡೆಸಬಲ್ಲರು ಎಂಬುದನ್ನು ತೋರಿಸಿದರು. ಆ ನಂಬಿಕೆಯ ಹಿಂದೆ ಇರುವುದು ಬರೆದಿಟ್ಟ ಪುಸ್ತಕ, ವರ್ಷದ ಆಡಿಟ್ಟು, ಸರ್ವ ಸದಸ್ಯರ ಸಭೆ.

ಅಧಿಕಾರ ಊರಿಗೆ ಬಂದ ದಾರಿ

ಹಳ್ಳಿಯ ಕೆಲಸ ಹಳ್ಳಿಯವರ ಕೈಗೆ ಬರಬೇಕು ಅನ್ನುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಹಿರಿಯರು ಇನ್ನೂ 'ನೀರ್ ಸಾಬ್' ಅಂತ ನೆನೆಯುತ್ತಾರೆ. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿದ ಪುಣ್ಯಾತ್ಮರು. ಅವರು ನೀರು ಕೊಟ್ಟಷ್ಟೇ ಮುಖ್ಯವಾಗಿ ಅಧಿಕಾರವನ್ನೂ ಕೆಳಗೆ ಇಳಿಸಿದರು. 1983ರಲ್ಲಿ ರೂಪುಗೊಂಡ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು.

ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಏಪ್ರಿಲ್ 24ರಿಂದ ಜಾರಿಯಾಯಿತು. ಅದರ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ರಸ್ತೆ, ಮೋರಿ, ಸೇತುವೆ ಅದರಲ್ಲಿವೆ. ಕುಡಿಯುವ ನೀರೂ ಇದೆ. ಅದೇ ವರ್ಷ ಮೇ 10ರಂದು ನಮ್ಮ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂತು. ಈಗ ಅದರ ಹೆಸರಿನಲ್ಲಿ 'ಗ್ರಾಮ ಸ್ವರಾಜ್' ಎಂಬ ಮಾತೂ ಸೇರಿದೆ. ಆ ಕಾಯ್ದೆಯ 58ನೇ ಪ್ರಕರಣದಲ್ಲಿ ಗ್ರಾಮ ಪಂಚಾಯಿತಿ ಮಾಡಲೇಬೇಕಾದ ಕೆಲಸಗಳನ್ನು ಬರೆದಿದ್ದಾರೆ. ಬೀದಿಗಳನ್ನು ಮಾಡಿಸಿ ದುರಸ್ತಿಯಲ್ಲಿಡುವುದು, ಬೀದಿಯ ಒತ್ತುವರಿ ತೆಗೆಸುವುದು, ಚರಂಡಿ, ಬೀದಿ ದೀಪ ಮತ್ತು ಅದರ ಕರೆಂಟ್ ಬಿಲ್ಲು, ನೀರು ಸರಬರಾಜಿನ ನಿರ್ವಹಣೆ, ಊರಿನ ಆಸ್ತಿಗಳ ಸಂರಕ್ಷಣೆ. ಇವು ಯಾರೋ ಕೃಪೆ ಮಾಡಿ ಕೊಡುವ ವರ ಅಲ್ಲ. ಕಾನೂನು ಹೊರಿಸಿದ ಹೊಣೆ.

ಯಾವ ರಸ್ತೆ ಯಾರದು?

ಇಲ್ಲೊಂದು ತೊಡಕಿದೆ. ರಸ್ತೆ ಕೆಟ್ಟಾಗ ನಾವೆಲ್ಲ ಪಂಚಾಯಿತಿ ಮೆಂಬರನ್ನೇ ಹಿಡಿದು ಕೇಳುತ್ತೇವೆ. ಎಲ್ಲ ರಸ್ತೆಯೂ ಗ್ರಾಮ ಪಂಚಾಯಿತಿಯದಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಯ ಸುಪರ್ದಿನಲ್ಲಿವೆ. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆಗಳನ್ನು ಸಾಮಾನ್ಯವಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ಇಲಾಖೆ ನೋಡುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಅದರ ಕೆಲಸ ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆಯದು. ಊರೊಳಗಿನ ಬೀದಿ, ಅಡ್ಡರಸ್ತೆ, ಓಣಿಗಳು ಗ್ರಾಮ ಪಂಚಾಯಿತಿಯವು.

ಬಾಗಿಲು ತಪ್ಪಿ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಮೇಜಿನಿಂದ ಮೇಜಿಗೆ ತಿರುಗುತ್ತದೆ. "ಇದು ನಮಗೆ ಬರಲ್ಲ" ಅನ್ನುವ ಒಂದೇ ಮಾತಿನಲ್ಲಿ ಎಷ್ಟು ಅರ್ಜಿಗಳು ಸತ್ತುಹೋಗಿವೆಯೋ! ಆದ್ದರಿಂದ ಮೊದಲು ನಮ್ಮೂರಿನ ರಸ್ತೆಗಳ ಪಟ್ಟಿ ಬರೆದು, ಯಾವುದು ಯಾರದು ಅಂತ ತಿಳಿದುಕೊಳ್ಳೋಣ.

ಇನ್ನೊಂದು ಮಾತು. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗದೆ ಅಧಿಕಾರಿಗಳ ಕೈಲೇ ಆಡಳಿತ ನಡೆಯಿತು. ಊರಿಂದೂರಿಗೆ ಹೋಗುವ ರಸ್ತೆ ಕೆಟ್ಟರೆ, ಇಂಜಿನಿಯರನ್ನು ಸಭೆಯಲ್ಲಿ ನಿಲ್ಲಿಸಿ ಕೇಳುವುದಕ್ಕೆ ನಮ್ಮ ಪರವಾಗಿ ಅಲ್ಲಿ ಒಬ್ಬ ಸದಸ್ಯನೂ ಇಲ್ಲ ಅನ್ನುವ ಸ್ಥಿತಿ ಅದು. ಮೇಲೆ ಕೇಳುವವರು ಇಲ್ಲದಾಗ ಕೆಳಗೆ ಕೇಳುವವರು ಇನ್ನಷ್ಟು ಜಾಗೃತರಾಗಿರಬೇಕು.

ರಸ್ತೆ ಕೆಡುವುದು ಹೇಗೆ?

ರಸ್ತೆಗೆ ಶತ್ರು ಲಾರಿ ಅಂತ ನಾವು ತಿಳಿದಿದ್ದೇವೆ. ಅದಕ್ಕಿಂತ ದೊಡ್ಡ ಶತ್ರು ನೀರು. ರಸ್ತೆಯ ನಡುವೆ ಸ್ವಲ್ಪ ಉಬ್ಬು, ಎರಡು ಪಕ್ಕಕ್ಕೆ ಇಳಿಜಾರು ಇರಬೇಕು. ಅಂಚಿನ ಮಣ್ಣು ರಸ್ತೆಗಿಂತ ಎತ್ತರ ಇರಬಾರದು. ಅದರಾಚೆ ಚರಂಡಿ ಇರಬೇಕು. ತಗ್ಗಿನಲ್ಲಿ ಮೋರಿ ಇರಬೇಕು, ಮೋರಿಯ ಬಾಯಿ ಕಟ್ಟಿಕೊಂಡಿರಬಾರದು. ಇಷ್ಟಿದ್ದರೆ ಬಿದ್ದ ಮಳೆ ಹರಿದುಹೋಗುತ್ತದೆ. ಇದರಲ್ಲಿ ಒಂದು ತಪ್ಪಿದರೂ ನೀರು ನಿಲ್ಲುತ್ತದೆ. ನಿಂತ ನೀರು ಬಿರುಕಿನಲ್ಲಿ ಇಳಿದು ಡಾಂಬರಿನ ಕೆಳಗಿನ ಜಲ್ಲಿ, ಮಣ್ಣನ್ನು ಮೆತ್ತಗೆ ಮಾಡುತ್ತದೆ. ಅದರ ಮೇಲೆ ಟ್ರ್ಯಾಕ್ಟರು ಹೋದರೆ ಗುಂಡಿ. ಅಂಗೈಯಗಲದ ಗುಂಡಿಯನ್ನು ಅವತ್ತೇ ಮುಚ್ಚಿದರೆ ಒಂದು ಬಾಣಲೆ ಸಾಮಾನಿನಲ್ಲಿ ಮುಗಿಯುತ್ತದೆ. ಬಿಟ್ಟರೆ ಮುಂದಿನ ಮುಂಗಾರಿಗೆ ರಸ್ತೆಯನ್ನೇ ಅಗೆದು ಹೊಸದಾಗಿ ಹಾಕಬೇಕು.

ಊರೊಳಗೆ ಈಗ ಹೆಚ್ಚಾಗಿ ಸಿಮೆಂಟ್ ರಸ್ತೆ. ಕಾಂಕ್ರೀಟು ಹಾಕಿದ ಮೇಲೆ ಎರಡು ವಾರವಾದರೂ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸಬೇಕು, ಇಲ್ಲವೇ ಗೋಣಿಚೀಲ ಹೊದಿಸಿ ತೇವ ಆರದ ಹಾಗೆ ನೋಡಿಕೊಳ್ಳಬೇಕು. ಮನೆಗೆ ಆರ್‌ಸಿಸಿ ಹಾಕಿಸಿದಾಗ ನಾವು ಬೆಳಗ್ಗೆ ಸಂಜೆ ನೀರು ಹೊಡೆಯುವುದಿಲ್ಲವೇ? ಬೀದಿಗೆ ಹಾಕಿದಾಗ ಮೂರನೇ ದಿನಕ್ಕೇ ಬೈಕು ಬಿಡುತ್ತೇವೆ, ನೀರು ಹೊಡೆಯುವವರೇ ಇರುವುದಿಲ್ಲ. ಆಮೇಲೆ ಮೇಲಿನ ಸಿಮೆಂಟು ಪುಡಿಪುಡಿಯಾಗಿ ಜಲ್ಲಿ ಹಲ್ಲು ಕಿರಿಯುತ್ತದೆ.

ಅಳತೆಯ ಒಂದು ಲೆಕ್ಕ ಹೇಳುತ್ತೇವೆ, ಮಕ್ಕಳೂ ಮಾಡಿ ನೋಡಬಹುದು. ನೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ರಸ್ತೆಗೆ ಹದಿನೈದು ಸೆಂಟಿಮೀಟರ್, ಅಂದರೆ ಸುಮಾರು ಅರ್ಧ ಅಡಿ ದಪ್ಪ ಕಾಂಕ್ರೀಟು ಹಾಕಬೇಕು ಅಂತ ಎಸ್ಟಿಮೇಟಿನಲ್ಲಿ ಇದೆ ಅಂತಿಟ್ಟುಕೊಳ್ಳಿ. ಒಟ್ಟು 45 ಘನ ಮೀಟರ್ ಕಾಂಕ್ರೀಟು ಬೇಕು. ಹಾಕಿದ್ದು ಹತ್ತೇ ಸೆಂಟಿಮೀಟರ್ ಆದರೆ 30 ಘನ ಮೀಟರ್. ಮೇಲಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಮೂರರಲ್ಲಿ ಒಂದು ಭಾಗ ರಸ್ತೆ ಎಲ್ಲೋ ಹೋಯಿತು! ಕೆಲಸ ನಡೆಯುವಾಗ ಅಂಚಿನಲ್ಲಿ ಒಂದು ಸ್ಕೇಲು ಹಿಡಿದರೆ ಇದು ಗೊತ್ತಾಗುತ್ತದೆ. ಆಮೇಲೆ ಗೊತ್ತಾಗುವುದು ರಸ್ತೆ ಒಡೆದಾಗಲೇ.

ಇನ್ನು ಪೈಪಿನ ವಿಷಯ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ನಿನಲ್ಲಿ ಮನೆಮನೆಗೆ ನಲ್ಲಿ ಕೊಡುವ ಕೆಲಸ ನಡೆಯಿತು. ದಿನಕ್ಕೆ ಒಬ್ಬರಿಗೆ 55 ಲೀಟರ್ ನೀರು ಕೊಡಬೇಕು ಅನ್ನುವುದು ಅದರ ಗುರಿ. ಒಳ್ಳೆಯ ಕೆಲಸ, ತಾಯಂದಿರು ಕೊಡ ಹೊರುವುದು ತಪ್ಪಿದರೆ ಅದಕ್ಕಿಂತ ಭಾಗ್ಯ ಬೇಡ. ಆದರೆ ಪೈಪು ಹಾಕುವುದಕ್ಕೆ ಒಳ್ಳೆಯ ರಸ್ತೆಯನ್ನು ಅಗೆದು, ಮಣ್ಣು ತಳ್ಳಿ ಹೋಗಿಬಿಟ್ಟ ಊರುಗಳು ಎಷ್ಟೋ ಇವೆ. ಅಗೆದ ರಸ್ತೆಯನ್ನು ಮೊದಲಿದ್ದ ಹಾಗೆ ಮಾಡಿಕೊಡುವುದೂ ಆ ಕೆಲಸದಲ್ಲೇ ಸೇರಿದ್ದು. ಅಂತಿಮ ಬಿಲ್ಲು ಆಗುವ ಮೊದಲು ಊರಿನವರು ಅದನ್ನು ನೋಡಬೇಕು. ಬಿಲ್ಲು ಆದ ಮೇಲೆ ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗುವುದು ಹಾರಿಹೋದ ಹಕ್ಕಿಯನ್ನು ಹಿಡಿದ ಹಾಗೆ.

ನಮ್ಮ ಕೈಲಿರುವ ಸಾಧನಗಳು

ಕೇಳೋದು ಸರಿ, ಹೇಗೆ ಕೇಳೋದು ಅಂತ ನೀವು ಕೇಳಬಹುದು. ಕಾನೂನು ಕೊಟ್ಟಿರುವ ಸಾಧನಗಳು ನಾಲ್ಕೈದು ಇವೆ.

ಒಂದನೆಯದು ವಾರ್ಡ್ ಸಭೆ, ಗ್ರಾಮಸಭೆ. ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಬೇಕು. ಯಾವ ರಸ್ತೆ ಮೊದಲು, ಯಾವ ಬೀದಿಗೆ ದೀಪ ಅಂತ ಬೇಡಿಕೆ ಹೇಳುವ ಜಾಗ ಇದು. ಸಭೆಗೆ ಹೋಗದೆ ಮನೆಯಲ್ಲಿ ಕೂತು, ಆಮೇಲೆ ಪುಸ್ತಕ ಮನೆಗೆ ಬಂದಾಗ ಸಹಿ ಹಾಕಿ ಕಳಿಸಿದರೆ ಅದು ಗ್ರಾಮಸಭೆ ಅಲ್ಲ, ಸಹಿ ಸಭೆ! ಮಹಿಳೆಯರ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಕೂಡ ಇವೆ. ಶಾಲೆಯ ದಾರಿಯಲ್ಲಿ ಮೋರಿ ಒಡೆದಿರುವುದನ್ನು ದೊಡ್ಡವರಿಗಿಂತ ಮೊದಲು ನೋಡುವವರು ಮಕ್ಕಳು.

ಎರಡನೆಯದು ಜಮಾಬಂದಿ. ಈ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. 2000ನೇ ಇಸವಿಯಲ್ಲಿ ಇದಕ್ಕೆ ನಿಯಮ ಬಂತು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಜಮಾ-ಖರ್ಚನ್ನು ಜನರ ಮುಂದೆ ಇಟ್ಟು, ದಾಖಲೆ ತೋರಿಸಿ, ಕಾಮಗಾರಿ ನಡೆದ ಜಾಗಕ್ಕೇ ಹೋಗಿ ನೋಡಬೇಕು. ನಮ್ಮ ಸಂಘದ ಸರ್ವ ಸದಸ್ಯರ ಸಭೆ ಕಾಯ್ದೆಯ ಪ್ರಕಾರ ಸೆಪ್ಟೆಂಬರ್ 25ರೊಳಗೆ ಆಗಬೇಕು. ನೋಡಿ, ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬರುತ್ತವೆ. ಸಂಘದ ಸಭೆಯಲ್ಲಿ ನಯಾಪೈಸೆ ವ್ಯತ್ಯಾಸ ಕಂಡರೂ ಎದ್ದು ನಿಂತು ಕೇಳುವ ನಮ್ಮ ಸದಸ್ಯರು, ಅದೇ ತಿಂಗಳಲ್ಲಿ ಪಂಚಾಯಿತಿಯ ಜಮಾಬಂದಿಗೆ ಯಾಕೆ ಹೋಗಬಾರದು? ಅದೂ ನಮ್ಮದೇ ದುಡ್ಡು.

ಮೂರನೆಯದು ಮಾಹಿತಿ ಹಕ್ಕು. ಇದು ದೆಹಲಿಯಲ್ಲಿ ಕೂತವರು ತಾವಾಗಿ ಕೊಟ್ಟದ್ದಲ್ಲ. ರಾಜಸ್ಥಾನದ ಕೂಲಿಕಾರರು, ಸಣ್ಣ ರೈತರು ಹೋರಾಡಿ ದಾರಿ ಮಾಡಿದ್ದು. ಅರುಣಾ ರಾಯ್ ಮತ್ತು ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ವಿಚಾರಣಾ ಸಭೆ ಮಾಡಿತು. ಸರ್ಕಾರಿ ಕಾಮಗಾರಿಗಳ ಬಿಲ್ಲು, ಮಸ್ಟರ್ ರೋಲುಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಕಾಗದದಲ್ಲಿ ಏನಿದೆ, ನೆಲದ ಮೇಲೆ ಏನಿದೆ ಎಂದು ಜನರೇ ತಾಳೆ ನೋಡಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನ ಧರಣಿ ಕೂತರು. ಇಂಥ ಹೋರಾಟಗಳ ಫಲವಾಗಿ ಬಂದ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ದೇಶದಲ್ಲಿ ಜಾರಿಯಾಯಿತು. ಅದೇ ವರ್ಷ ಆದ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯೇ ಮಾಡಬೇಕು ಅಂತ ಬರೆದರು.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಇಂಜಿನಿಯರ್ ಬರೆದ ಅಳತೆ ಪುಸ್ತಕ, ಪಾವತಿಯಾದ ಬಿಲ್ಲು, ಈ ನಾಲ್ಕರ ನಕಲು ತೆಗೆದರೆ ರಸ್ತೆಯ ಜಾತಕ ಕೈಗೆ ಬಂದ ಹಾಗೆ. ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನು ನೋಡುವುದಕ್ಕೂ, ಬಳಸಿದ ಸಾಮಾನಿನ ಮಾದರಿ ತೆಗೆದುಕೊಳ್ಳುವುದಕ್ಕೂ ಈ ಕಾಯ್ದೆಯಲ್ಲಿ ಹಕ್ಕಿದೆ. ಹಾಲಿನ ಸ್ಯಾಂಪಲ್ ತೆಗೆದ ಹಾಗೆ ರಸ್ತೆಯ ಸ್ಯಾಂಪಲ್ ತೆಗೆಸಬಹುದು!

ನಾಲ್ಕನೆಯದು ಕಾಮಗಾರಿಯ ಬೋರ್ಡು. ನಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ, 2000ದ ಡಿಸೆಂಬರ್ 25ರಂದು ಗ್ರಾಮ ಸಡಕ್ ಯೋಜನೆ ಆರಂಭವಾಯಿತು. ಅದರಲ್ಲಿ ಎರಡು ಒಳ್ಳೆಯ ಕಟ್ಟಳೆಗಳಿವೆ. ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನಿರ್ವಹಿಸಬೇಕು. ಯಾವ ಪದರಕ್ಕೆ ಎಷ್ಟು ಸಾಮಾನು ಹಾಕಿದ್ದಾರೆ ಎಂಬುದನ್ನು ಜನರ ಭಾಷೆಯಲ್ಲೇ ಬೋರ್ಡಿನಲ್ಲಿ ಬರೆಯಬೇಕು. ಎಷ್ಟೋ ಕಡೆ ಆ ಬೋರ್ಡಿನ ಮೇಲೆ ಸಿನಿಮಾ ಪೋಸ್ಟರು, ಹುಟ್ಟುಹಬ್ಬದ ಶುಭಾಶಯ. ಅದನ್ನು ಕಿತ್ತು ಓದಿ. ಐದು ವರ್ಷ ಯಾವತ್ತಿಗೆ ಮುಗಿಯುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅಷ್ಟರೊಳಗೆ ಬಿದ್ದ ಗುಂಡಿಗೆ ಸರ್ಕಾರ ಹೊಸದಾಗಿ ಹಣ ಕೊಡಬೇಕಾಗಿಲ್ಲ.

ಐದನೆಯದು ಸಕಾಲ. 2011ರ ಕಾಯ್ದೆ ಅದು, 2012ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಗ್ರಾಮ ಪಂಚಾಯಿತಿಯ ಹಲವು ಸೇವೆಗಳೂ ಅದರಲ್ಲಿವೆ. ಅರ್ಜಿ ಕೊಟ್ಟ ಕೂಡಲೇ ಸಂಖ್ಯೆ ಪಡೆಯಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ, ತಡ ಮಾಡಿದವರು ಉತ್ತರ ಹೇಳಬೇಕು ಅನ್ನುವುದು ದೊಡ್ಡದು.

ಪಂಚಾಯಿತಿಯವರ ಕಷ್ಟವೂ ಇದೆ

ನಮ್ಮ ಪಂಚಾಯಿತಿ ಸದಸ್ಯರು ಎದುರಿಗೇ ಕೂತಿದ್ದಾರೆ. ಅವರನ್ನು ಕಟಕಟೆಗೆ ನಿಲ್ಲಿಸುವುದಕ್ಕೆ ಈ ಮಾತಾಡುತ್ತಿಲ್ಲ. ಅವರ ತಾಪತ್ರಯವನ್ನೂ ನಾವು ತಿಳಿಯಬೇಕು. ಬರುವ ಹಣದಲ್ಲಿ ಹೆಚ್ಚಿನದಕ್ಕೆ ಮೇಲಿನಿಂದಲೇ ಕಟ್ಟುಪಾಡು ಇರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರವರೆಗೆ ಶೇ. 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅಂತ ನಿಯಮವಿತ್ತು. ಉಳಿದದ್ದರಲ್ಲಿ ರಸ್ತೆ, ದೀಪ ಎಲ್ಲವನ್ನೂ ಹೊಂದಿಸಬೇಕು. ಒಬ್ಬ ಇಂಜಿನಿಯರಿಗೆ ಹಲವು ಪಂಚಾಯಿತಿ. ಬೀದಿ ದೀಪದ ಕರೆಂಟ್ ಬಾಕಿ ಬೇರೆ.

ಪಂಚಾಯಿತಿಗೆ ಯಾರ ಅಪ್ಪಣೆಯೂ ಇಲ್ಲದೆ ಸ್ವಂತವಾಗಿ ಬರುವ ಹಣ ಅಂದರೆ ಮನೆ ಕಂದಾಯ, ನೀರಿನ ಕರ. ರಸ್ತೆಯ ಸಣ್ಣ ರಿಪೇರಿ ಮಾಡಿಸಬೇಕಾದ್ದು ಇದರಲ್ಲೇ. ಹಿಂದಿನವರ ಬಿತ್ತುವಟ್ಟದ ಜಾಗದಲ್ಲಿ ಇವತ್ತು ಇರುವುದು ಇದು. ಕಂದಾಯ ಕಟ್ಟಿದ ರಸೀತಿ ಜೇಬಿನಲ್ಲಿದ್ದರೆ ಪಂಚಾಯಿತಿ ಬಾಗಿಲಲ್ಲಿ ನಿಲ್ಲುವ ಗತ್ತೇ ಬೇರೆ. ಶೇರು ಹಣ ಕಟ್ಟಿದವನು ಸಂಘದಲ್ಲಿ ಮಾತಾಡುವ ಹಾಗೆ ಅವನು ಅಲ್ಲಿ ಮಾತಾಡಬಹುದು.

ಜನ ಲೆಕ್ಕ ಕೇಳಿದರೆ ಪ್ರಾಮಾಣಿಕ ಸದಸ್ಯನಿಗೆ ಅದು ಬಲ. ಮೇಲಿನ ಒತ್ತಡ ಬಂದಾಗ, ಗುತ್ತಿಗೆದಾರ ಬಿಲ್ಲಿಗೆ ಆತುರ ಮಾಡಿದಾಗ, "ನನ್ನ ಕೈಲಿ ಆಗಲ್ಲಪ್ಪ, ನಮ್ಮೂರ ಜನ ಟೇಪು ಹಿಡಿದು ಬರ್ತಾರೆ" ಅಂತ ಅವರು ಹೇಳಬಹುದು. ಕೇಳುವವರೇ ಇಲ್ಲದ ಊರಿನಲ್ಲಿ ಒಳ್ಳೆಯವರಿಗೆ ಒತ್ತಾಸೆ ಇಲ್ಲ.

ನಮ್ಮ ಪಾಲಿನ ಕೆಲಸ

ಊರಿನವರು ಮಾಡಬೇಕಾದ್ದೂ ಇದೆ. ಬಚ್ಚಲ ನೀರನ್ನು ರಸ್ತೆಗೆ ಬಿಡಬಾರದು. ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಕಿ ಜಗಲಿ ಮಾಡಿಕೊಳ್ಳಬಾರದು. ಹೊಲಕ್ಕೆ ಪೈಪು ದಾಟಿಸುವುದಕ್ಕೆ ಡಾಂಬರು ರಸ್ತೆ ಕುಯ್ಯಬಾರದು. ಗದ್ದೆಗೆ ಉತ್ತ ಟ್ರ್ಯಾಕ್ಟರನ್ನು ಕಬ್ಬಿಣದ ಚಕ್ರದ ಸಮೇತ ರಸ್ತೆಗೆ ಹತ್ತಿಸಬಾರದು. ತಿಪ್ಪೆ ರಸ್ತೆಯ ಅಂಚಿಗೆ ಬರಬಾರದು. ಹಗಲಲ್ಲಿ ಉರಿಯುವ ಬೀದಿ ದೀಪ ಕಂಡರೆ ಸ್ವಿಚ್ಚು ಆರಿಸುವಷ್ಟಾದರೂ ಮಾಡಬೇಕು. ಇದಕ್ಕೆ ಯಾವ ಅನುದಾನವೂ ಬೇಡ.

ಈ ಬೆಳ್ಳಿ ಹಬ್ಬದ ನೆನಪಿಗೆ ನಾವು ನಾಲ್ಕು ಸಲಹೆ ಇಡುತ್ತೇವೆ. ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು.

ಮೊದಲನೆಯದು, ಡೈರಿಯಲ್ಲಿ ಹಾಲಿನ ಪುಸ್ತಕದ ಪಕ್ಕದಲ್ಲೇ ಒಂದು 'ಊರ ಪುಸ್ತಕ' ಇಡೋಣ. ದಿನಕ್ಕೆ ಎರಡು ಸಲ ಎಲ್ಲ ಬೀದಿಯವರೂ ಬರುವ ಜಾಗ ಊರಲ್ಲಿ ಇದೊಂದೇ. ಯಾವ ಕಂಬದ ದೀಪ ಕೆಟ್ಟಿದೆ, ಎಲ್ಲಿ ನಲ್ಲಿ ಸೋರುತ್ತದೆ, ಎಲ್ಲಿ ಗುಂಡಿ ಬಿದ್ದಿದೆ, ತಾರೀಖು ಹಾಕಿ ಬರೆಯಿರಿ. ತಿಂಗಳಿಗೊಮ್ಮೆ ಅದರ ನಕಲನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯೋಣ. ಬಾಯಿಮಾತಿನ ದೂರಿಗೆ ಆಯುಸ್ಸು ಒಂದು ದಿನ. ಸ್ವೀಕೃತಿಯಾದ ದೂರು ಕಡತದಲ್ಲಿ ಉಳಿಯುತ್ತದೆ.

ಎರಡನೆಯದು, ಪ್ರತಿ ಬೀದಿಗೆ ಒಬ್ಬ ತಾಯಿ, ಒಬ್ಬ ಯುವಕ, ಹೀಗೆ ಇಬ್ಬರನ್ನು ಆರಿಸೋಣ. ಅವರ ಬೀದಿಯಲ್ಲಿ ಕಾಮಗಾರಿ ಆಗುವಾಗ ಅಂದಾಜು ಪಟ್ಟಿಯ ಪ್ರತಿ, ಒಂದು ಟೇಪು ಅವರ ಕೈಲಿರಲಿ. ಜಗಳ ಬೇಡ. ಉದ್ದ, ಅಗಲ, ದಪ್ಪ ಬರೆದುಕೊಂಡರೆ ಸಾಕು. ಜಲ ಜೀವನ್ ಮಿಷನ್ನಿನಲ್ಲಿ ಕುಡಿಯುವ ನೀರಿನ ಪರೀಕ್ಷೆಗೆ ಊರಿಗೆ ಐವರು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಮಾಡಿದ್ದರು. ನೀರು ಪರೀಕ್ಷೆ ಮಾಡಬಲ್ಲವರು, ಹಾಲಿನ ಫ್ಯಾಟು ತಿಳಿದವರು ರಸ್ತೆಯ ದಪ್ಪ ಅಳೆಯಲಾರರೇ?

ಮೂರನೆಯದು, ಪ್ರತಿ ವರ್ಷ ಜಮಾಬಂದಿಯ ದಿನ ಡೈರಿಯ ಬೋರ್ಡಿನಲ್ಲಿ ಬರೆದು, ಸಂಘದ ಸದಸ್ಯರೆಲ್ಲ ಹೋಗೋಣ. ಯಾರ ಪರವೂ ಅಲ್ಲ, ಯಾರ ವಿರೋಧವೂ ಅಲ್ಲ. ಯಾವ ಪಕ್ಷದವರು ಅಧಿಕಾರದಲ್ಲಿದ್ದರೂ ಹೋಗೋಣ. ನಮಗೆ ಬೇಕಾದವರು ಅಧ್ಯಕ್ಷರಾಗಿದ್ದಾಗಲೂ ತಪ್ಪಿಸುವುದು ಬೇಡ. ಇದನ್ನು ಒತ್ತಿ ಹೇಳುತ್ತೇವೆ, ಯಾಕೆಂದರೆ ಪದ್ಧತಿ ಮುರಿಯುವುದೇ ಅಲ್ಲಿ.

ನಾಲ್ಕನೆಯದು, ಮುಂಗಾರಿಗೆ ಮೊದಲು, ಮೇ ತಿಂಗಳ ಒಂದು ಭಾನುವಾರ ಎಲ್ಲರೂ ಸೇರಿ ಚರಂಡಿ, ಮೋರಿಗಳ ಬಾಯಿ ಬಿಡಿಸೋಣ. ಇದು ಪಂಚಾಯಿತಿಯ ಹೊಣೆ ಅಲ್ಲವೇ ಅಂತ ಕೇಳಬಹುದು. ಹೌದು, ಅವರದೇ. ಅವರನ್ನೂ ಕರೆಯೋಣ, ಗುದ್ದಲಿ ಅವರ ಕೈಗೂ ಕೊಡೋಣ. ಗುದ್ದಲಿ ಪೂಜೆಗೆ ಬರುವವರು ಗುದ್ದಲಿ ಕೆಲಸಕ್ಕೂ ಬರಲಿ.

ಬಂಧುಗಳೇ, ಇದರಿಂದ ನಾಳೆಯೇ ಊರು ಸ್ವರ್ಗವಾಗುತ್ತದೆ ಅಂತ ನಾವು ಹೇಳುವುದಿಲ್ಲ. ಅರ್ಜಿಗೆ ಉತ್ತರ ಬಾರದ ದಿನಗಳಿರುತ್ತವೆ. ಯಾಕೆ ಬೇಕಿತ್ತು ನಿಮಗೆ ಅನ್ನುವವರೂ ಇರುತ್ತಾರೆ. ಡೈರಿ ಶುರುವಾದಾಗಲೂ ಅಂಥ ಮಾತು ಬಂದಿತ್ತು. ಇವರ ಕೈಲಿ ಸಂಘ ನಡೆಯುತ್ತದಾ, ಆರು ತಿಂಗಳಲ್ಲಿ ಬೀಗ ಬೀಳುತ್ತದೆ ಅಂದರು. ಬೀಗ ಬೀಳಲಿಲ್ಲ. ದಿನಾ ಅಳೆದೆವು, ದಿನಾ ಬರೆದೆವು, ವರ್ಷವರ್ಷ ಲೆಕ್ಕ ಒಪ್ಪಿಸಿದೆವು. ಹಾಲಿನಲ್ಲಿ ಸಾಧ್ಯವಾದದ್ದು ರಸ್ತೆಯಲ್ಲಿ, ನೀರಿನಲ್ಲಿ, ದೀಪದಲ್ಲಿ ಸಾಧ್ಯವಿಲ್ಲ ಅನ್ನುವುದಕ್ಕೆ ಕಾರಣವೇ ಇಲ್ಲ.

ಸಂಘ ಸುವರ್ಣ ಮಹೋತ್ಸವ ಆಚರಿಸುವ ಹೊತ್ತಿಗೆ ಇಲ್ಲಿ ಕೂತಿರುವ ಮಕ್ಕಳು ಆಡಳಿತ ಮಂಡಳಿಯಲ್ಲಿ ಇರುತ್ತಾರೆ, ಪಂಚಾಯಿತಿಯಲ್ಲೂ ಇರುತ್ತಾರೆ. ಅವರಿಗೆ ನಾವು ಗಟ್ಟಿಯಾದ ರಸ್ತೆ ಬಿಟ್ಟುಹೋಗಬೇಕು. ರಸ್ತೆಯ ಜೊತೆಗೆ ಲೆಕ್ಕ ಕೇಳುವ ಪದ್ಧತಿಯನ್ನೂ ಬಿಟ್ಟುಹೋಗಬೇಕು.



ಜೈ ಸಹಕಾರ, ಜೈ ಕರ್ನಾಟಕ.